ಮೈಕ್ ಸೆಟ್ ಬಾಡಿಗೆಗೆ ಕೊಡುವವನು ಭಾಷಣ ಏನು ಅಂತ ಕೇಳಬೇಕಾ?

ಮೈಕ್‌ಸೆಟ್_ಕಾಕಾ (ಹಳೇ ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಇಪ್ಪತ್ತಾರು ವರ್ಷದಿಂದ ಮೈಕ್ ಸೆಟ್, ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುತ್ತಿದ್ದೇನೆ. ಮದುವೆ, ಮುಂಜಿ, ಜಾತ್ರೆ, ಉರುಸು, ಎಲೆಕ್ಷನ್, ರೈತರ ಧರಣಿ, ಎಲ್ಲದಕ್ಕೂ ನನ್ನ ಹಾರ್ನ್ ಹೋಗಿದೆ. ಯಾವ ಪಕ್ಷ, ಯಾವ ಜಾತಿ ಅಂತ ಕೇಳಿದವನಲ್ಲ. ಅಡ್ವಾನ್ಸ್ ಬಂತಾ, ಗಾಡಿ ಹೊರಟಿತು.

ಹೋದ ತಿಂಗಳು ಒಂದು ಬಯಲು ಸಭೆ ಇತ್ತು. ಯಾರದ್ದು, ಎಲ್ಲಿ ಅಂತ ಹೇಳುವುದಿಲ್ಲ, ಕೇಳಬೇಡಿ. ಭಾಷಣಕ್ಕೆ ಹೊರಗಿನವರೊಬ್ಬರು ಬಂದಿದ್ದರು. ಮೊದಲ ಹತ್ತು ನಿಮಿಷ ತಣ್ಣಗೆ ಹೋಯಿತು. ಊರು, ತಾಯಿ, ಹಳೆಯ ರಾಜರ ಕಥೆ. ಆಮೇಲೆ ನನ್ನ ಕಡೆ ತಿರುಗಿ ಎಕೋ ಜಾಸ್ತಿ ಮಾಡು ಅಂತ ಕೈಸನ್ನೆ ಮಾಡಿದರು. ಮಾಡಿದೆ. ಅಲ್ಲಿಂದ ಶುರು. ಅವರ ಅಂಗಡಿಗೆ ಹೋಗಬೇಡಿ, ಅವರಿಗೆ ಮನೆ ಕೊಡಬೇಡಿ, ಇನ್ನೂ ಇಲ್ಲಿ ಬರೆಯಲಾಗದ ಮಾತುಗಳು. ಮುಂದಿನ ಎರಡು ಸಾಲಿನ ಹುಡುಗರು ಮಾತು ಮಾತಿಗೂ ಕೂಗುತ್ತಿದ್ದರು. ಅವರೆಲ್ಲ ಕ್ರೂಸರ್‌ನಲ್ಲಿ ಒಟ್ಟಿಗೆ ಬಂದಿಳಿದವರು, ನಾನೇ ನೋಡಿದ್ದೇನೆ. ಹಿಂದೆ ಕೂತ ಊರ ಜನ ಮೊದಲು ಸುಮ್ಮನಿದ್ದರು. ಅರ್ಧ ಗಂಟೆ ಆದ ಮೇಲೆ ಅವರೂ ಕೂಗತೊಡಗಿದರು.

ಭಾಷಣ ಮುಗಿಸಿ ಆ ಮನುಷ್ಯ ಕೆಳಗಿಳಿದು ನನ್ನ ಮಿಕ್ಸರ್ ಪಕ್ಕ ಕುರ್ಚಿ ಎಳೆದು ಕೂತರು. ಬಿಸಿನೀರು ಕೇಳಿದರು. ದನಿ ಎಷ್ಟು ಮೆತ್ತಗೆ ಅಂತೀರಿ! "ಸೌಂಡ್ ಚಲೋ ಇತ್ತು ಅಣ್ಣಾ, ಮಕ್ಕಳೆಷ್ಟು?" ಅಂದರು. ಒಂದು ಹನಿ ಬೆವರಿರಲಿಲ್ಲ. ಆ ಕಡೆ ಬಯಲಲ್ಲಿ ಜನ ಇನ್ನೂ ಕುದಿಯುತ್ತಿದ್ದರು.

ನನ್ನ ಹತ್ತಿರ ಹನ್ನೊಂದು ವರ್ಷದಿಂದ ಕೆಲಸ ಮಾಡುವ ಹುಡುಗ ಆ ಭಾಷಣದಲ್ಲಿ ಬೈಸಿಕೊಂಡ ಸಮುದಾಯದವನೇ. ಅವತ್ತು ಕಂಬ ಹತ್ತಿ ಹಾರ್ನ್ ಕಟ್ಟಿದ್ದು ಅವನೇ. ರಾತ್ರಿ ವೈರ್ ಸುತ್ತುವಾಗ ಒಂದು ಮಾತೂ ಆಡಲಿಲ್ಲ.

ಈಗ ಅದೇ ಜನ ಮತ್ತೆ ಬಂದಿದ್ದಾರೆ. ಈ ಸಲ ಇಪ್ಪತ್ನಾಲ್ಕು ಹಾರ್ನ್, ಎಲ್‌ಇಡಿ ಪರದೆ, ಜನರೇಟರ್. ಅಡ್ವಾನ್ಸ್ ಟೇಬಲ್ ಮೇಲಿಟ್ಟು ಹೋಗಿದ್ದಾರೆ. ಕೊಡಲಾ, ಬೇಡವಾ?

ಗಿರ್ಮಿಟ್_ಗ್ಯಾಂಗ್

ಧಂದೆ ಧಂದೆನೇ ಕಾಕಾ. ಚಾಕು ಮಾರುವವನು ಉಳ್ಳಾಗಡ್ಡಿ ಹೆಚ್ಚುತ್ತೀಯಾ ಇನ್ನೇನಾದರೂ ಹೆಚ್ಚುತ್ತೀಯಾ ಅಂತ ಕೇಳುತ್ತಾನಾ?

ಚನ್ನಮ್ಮ_ಸರ್ಕಲ್_ಅಕ್ಕ

ಚಾಕು ಮಾರಿದವನು ಹೆಚ್ಚುವಾಗ ಪಕ್ಕದಲ್ಲಿ ನಿಂತು ಹಿಡಿಕೆ ಹಿಡಿದುಕೊಂಡಿರುವುದಿಲ್ಲ ತಮ್ಮಾ. ಕಾಕಾ ಅಲ್ಲೇ ಕೂತು ಎಕೋ ಜಾಸ್ತಿ ಮಾಡಿದ್ದಾರೆ.

ಮೈಕ್‌ಸೆಟ್_ಕಾಕಾ

ಅಕ್ಕಾರ, ಅದೇ ಮಾತು ನನ್ನ ಹೆಂಡತಿಯೂ ಅಂದಳು.

ಕೇಸರಿ_ಕಟ್ಟೆ

ಶೀರ್ಷಿಕೆ ನೋಡಿದಾಗಲೇ ಗೊತ್ತಾಯಿತು ಇದು ಯಾವ ಕಡೆ ಹೋಗುತ್ತದೆ ಅಂತ. ನಮ್ಮ ಧರ್ಮದ ಬಗ್ಗೆ ಬಯಲಲ್ಲಿ ನಿಂತು ಮಾತಾಡಿದರೆ "ಕಟ್ಟಾ ಬಲಪಂಥ", "ದ್ವೇಷ". ಬೇರೆಯವರು ಇಡೀ ರಾತ್ರಿ ಮೈಕ್ ಹಾಕಿ ಏನೇನೋ ಹೇಳಿದರೆ ಅದು ಹಕ್ಕು. ಕಾಕಾ ಅವರೇ, ಆ ಕಡೆಯ ಸಭೆಗೂ ಮೈಕ್ ಕೊಟ್ಟಿದ್ದೀರಲ್ಲ? ಆಗ ಇಲ್ಲಿ ಬಂದು ಬರೆದಿರಾ?

ಮೈಕ್‌ಸೆಟ್_ಕಾಕಾ

ಇಲ್ಲ. ನೀವು ಕೇಳಿದ್ದು ಸರಿ ಇದೆ. ಆ ಕಡೆಯೂ ಒಮ್ಮೆ ಕೇಳಬಾರದ್ದು ಕೇಳಿದ್ದೇನೆ. ಅವತ್ತೂ ಬಾಡಿಗೆ ಎಣಿಸಿಕೊಂಡು ಬಂದೆ.

ಸಾಧನಕೇರಿ_ಮಾಸ್ತರ್

ನಿವೃತ್ತ ಇತಿಹಾಸ ಮೇಷ್ಟ್ರು, ಸ್ವಲ್ಪ ಉದ್ದ ಬರೆಯುತ್ತೇನೆ, ತಡೆದುಕೊಳ್ಳಿ.

ಬಲಪಂಥ ಬೇರೆ, ಕಟ್ಟಾ ಬಲಪಂಥ ಬೇರೆ. ಕೇಸರಿ ಕಟ್ಟೆಯವರ ಸಿಟ್ಟು ಅರ್ಧ ನ್ಯಾಯವೇ. ಧರ್ಮ, ಸಂಪ್ರದಾಯ, ದೇಶ ಅಂದವರೆಲ್ಲ ಕಟ್ಟಾ ಅಲ್ಲ. "ಈ ನೆಲದಲ್ಲಿ ಇಂಥವರು ಇರಲೇಬಾರದು" ಅಂತ ಶುರುವಾದಾಗ ಗೆರೆ ದಾಟಿದ ಹಾಗೆ. ಅದು ಯಾವ ಬಣ್ಣದ ಶಾಲಿನಲ್ಲಿ ಬಂದರೂ ಅಷ್ಟೇ.

ಇನ್ನು ಮೈಕ್ ಕೊಡದಿದ್ದರೆ ಮಾತು ನಿಲ್ಲುತ್ತದಾ? ಹಿಟ್ಲರ್ ವಿಷಯ ನೋಡಿ. ಜೈಲಿನಿಂದ ಬಂದ ಮೇಲೆ 1925ರಲ್ಲಿ ಜರ್ಮನಿಯ ಬವೇರಿಯಾ ರಾಜ್ಯದ ಸರ್ಕಾರ ಅವನಿಗೆ ಬಹಿರಂಗ ಭಾಷಣ ನಿಷೇಧಿಸಿತು. ಅಲ್ಲಿ 1927ರವರೆಗೆ, ಪ್ರಶ್ಯಾದಲ್ಲಿ 1928ರವರೆಗೆ ನಿಷೇಧ ಇತ್ತು. ಪಕ್ಷದವರು ಏನು ಮಾಡಿದರು ಗೊತ್ತಾ? ಅವನ ಬಾಯಿಗೆ ಪಟ್ಟಿ ಕಟ್ಟಿದ ಚಿತ್ರ ಬರೆಸಿ, ಭೂಮಿಯ ಮೇಲಿನ ಇನ್ನೂರು ಕೋಟಿ ಜನರಲ್ಲಿ ಇವನೊಬ್ಬನಿಗೆ ಮಾತ್ರ ಜರ್ಮನಿಯಲ್ಲಿ ಮಾತಾಡುವ ಹಾಗಿಲ್ಲ ಅಂತ ಗೋಡೆಗೆ ಅಂಟಿಸಿದರು. ನಿಷೇಧವೇ ಜಾಹೀರಾತಾಯಿತು.

ಹಾಗಂತ ಸುಮ್ಮನೆ ಬಿಟ್ಟರೂ ಆಗಲಿಲ್ಲ, ಅದೂ ಗೊತ್ತಿದೆ. ನನಗೆ ಇದಕ್ಕೆ ಒಂದೇ ಉತ್ತರ ಇಲ್ಲ.

ಗಿರ್ಮಿಟ್_ಗ್ಯಾಂಗ್

ಮಾಸ್ತರ್ರೇ, ಹಿಟ್ಲರ್ ಬಂದ ಅಂದರೆ ಚರ್ಚೆ ಮುಗೀತು ಅಂತ ಅರ್ಥ 😄

ಲೈನ್‌ಬಜಾರ್_ಲಾಯರ್

ಮುಗಿದಿಲ್ಲ, ಈಗ ಶುರು. ಕಾನೂನು ಏನು ಹೇಳುತ್ತದೆ ನೋಡೋಣ. ಶಾಂತವಾಗಿ, ಆಯುಧ ಇಲ್ಲದೆ ಸೇರುವುದು ಸಂವಿಧಾನದ 19(1)(ಬಿ) ಕೊಟ್ಟ ಹಕ್ಕು. ಅದಕ್ಕೆ ಮಿತಿಯೂ ಇದೆ. ಬೀದಿಯಲ್ಲಿ ಸಭೆ ಮಾಡುವುದನ್ನು ಸರ್ಕಾರ ಕ್ರಮಕ್ಕೆ ತರಬಹುದು, ಆದರೆ ಅಧಿಕಾರಿಯ ಮರ್ಜಿಗೆ ಪೂರ್ತಿ ಬಿಡುವ ಹಾಗಿಲ್ಲ ಅಂತ ಹಿಮತ್ ಲಾಲ್ ಶಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಎಂದೋ ಹೇಳಿದೆ. ಹೊಸದು ಬೇಕಾ? 2025ರ ಅಕ್ಟೋಬರ್‌ನಲ್ಲಿ ಸರ್ಕಾರಿ ಜಾಗದಲ್ಲಿ ಹತ್ತಕ್ಕಿಂತ ಜಾಸ್ತಿ ಜನ ಸೇರಲು ಅನುಮತಿ ಬೇಕು ಅನ್ನುವ ಸರ್ಕಾರಿ ಆದೇಶಕ್ಕೆ ತಡೆ ಕೊಟ್ಟಿದ್ದು ಹೈಕೋರ್ಟಿನ ನಮ್ಮ ಧಾರವಾಡ ಪೀಠವೇ. ಅರ್ಜಿ ಹಾಕಿದ್ದೂ ಹುಬ್ಬಳ್ಳಿಯ ಸಂಸ್ಥೆ.

ಇನ್ನೊಂದು ಕಡೆ. 2003ರಲ್ಲಿ ಮಂಗಳೂರಿನ ಹಿಂದೂ ಸಮಾಜೋತ್ಸವಕ್ಕೆ ವಿಶ್ವ ಹಿಂದೂ ಪರಿಷತ್ತಿನ ನಾಯಕ ಪ್ರವೀಣ್ ತೊಗಾಡಿಯಾ ಬರದಂತೆ ಹದಿನೈದು ದಿನ ಜಿಲ್ಲೆಗೆ ಪ್ರವೇಶ ನಿಷೇಧಿಸಿ ಅಪರ ಜಿಲ್ಲಾ ಮ್ಯಾಜಿಸ್ಟ್ರೇಟ್ ಆದೇಶ ಮಾಡಿದ್ದರು. ಹೈಕೋರ್ಟ್ ಅದನ್ನು ರದ್ದು ಮಾಡಿತು. 2004ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪನ್ನೇ ತಪ್ಪು ಅಂದಿತು. ಸ್ಥಳದಲ್ಲಿರುವ ಅಧಿಕಾರಿಗೆ ಶಾಂತಿ ಕದಡುತ್ತದೆ ಅಂತ ಅನಿಸಿದರೆ ಕೋರ್ಟುಗಳು ಸುಲಭಕ್ಕೆ ಕೈ ಹಾಕಬಾರದು ಅನ್ನುವುದು ಅದರ ಸಾರ. ಅಂದರೆ ಎರಡೂ ಕಡೆ ದಾರಿ ಇದೆ.

ಕಾಕಾ, ನಿಮ್ಮ ಮಟ್ಟಿಗೆ ಮೂರು ಮಾತು. ಆಯೋಜಕರಿಂದ ಮೈಕ್ ಪರವಾನಗಿಯ ನಕಲು ಇಸಿದುಕೊಳ್ಳಿ. ರಾತ್ರಿ ಹತ್ತರ ಮೇಲೆ ಹಾರ್ನ್ ಬಂದ್, ಅದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ಆಸ್ಪತ್ರೆ, ಶಾಲೆ, ಕೋರ್ಟಿನ ನೂರು ಮೀಟರ್ ಒಳಗೆ ಇನ್ನೂ ಬಿಗಿ. ದ್ವೇಷ ಹಬ್ಬಿಸುವ ಮಾತಿಗೆ ಹಳೆಯ ಐಪಿಸಿ 153ಎ ಬದಲು ಈಗ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 196ನೇ ಸೆಕ್ಷನ್, ಮೂರು ವರ್ಷದವರೆಗೆ ಜೈಲು. ಅದು ಮಾತಾಡಿದವರ ಮೇಲೆ. ಆದರೆ ಕೇಸಾದರೆ ಸಾಕ್ಷಿ ಅಂತ ಮೊದಲು ಎತ್ತಿಕೊಂಡು ಹೋಗುವುದು ಯಾರ ಆಂಪ್ಲಿಫೈಯರ್?

ಮೈಕ್‌ಸೆಟ್_ಕಾಕಾ

ನನ್ನದೇ. ಹಿಂದೆ ಒಂದು ಎಲೆಕ್ಷನ್‌ನಲ್ಲಿ ಹಾಗೇ ಆಗಿದೆ. ಭಾಷಣ ಮಾಡಿದವನು ಮನೆಗೆ ಹೋದ. ನನ್ನ ಎರಡು ಆಂಪ್ಲಿ, ಎಂಟು ಯೂನಿಟ್ ಠಾಣೆಯ ಮೂಲೆಯಲ್ಲಿ ಏಳು ತಿಂಗಳು ಬಿದ್ದಿದ್ದವು. ವಾಪಸ್ ಬಂದಾಗ ಒಂದರಲ್ಲಿ ಇಲಿ ಮರಿ ಹಾಕಿತ್ತು.

ಹಾವೇರಿ_ಟು_ಲಂಡನ್

ಇಲಿಗೂ ವಾಕ್ ಸ್ವಾತಂತ್ರ್ಯ 😂

ನಾನು ಹಾವೇರಿಯವನು, ಈಗ ಲಂಡನ್‌ನಲ್ಲಿ ಕೆಲಸ. ಮೈಕ್ ವಿಷಯ ಬಂದಿದ್ದಕ್ಕೆ ಹೇಳಬೇಕು ಅನಿಸಿತು. ಇಲ್ಲಿ ಹೈಡ್ ಪಾರ್ಕ್ ಮೂಲೆಯಲ್ಲಿ ಸ್ಪೀಕರ್ಸ್ ಕಾರ್ನರ್ ಅಂತ ಇದೆ. ಭಾನುವಾರ ಯಾರು ಬೇಕಾದರೂ ಹೋಗಿ ಮಾತಾಡಬಹುದು. 1872ರ ಕಾನೂನಿನಿಂದ ಬಂದ ಪದ್ಧತಿ. ಅದಕ್ಕೂ ಮೊದಲು 1866ರಲ್ಲಿ ಮತದಾನದ ಹಕ್ಕು ಕೇಳಿದ ಜನ ಪಾರ್ಕಿನ ಕಬ್ಬಿಣದ ಬೇಲಿಯನ್ನೇ ಕಿತ್ತುಹಾಕಿದ್ದರು. ಮಜಾ ಏನು ಅಂದರೆ ಅಲ್ಲಿ ಮೈಕ್ ಹಾಕುವ ಹಾಗಿಲ್ಲ! ಒಂದು ಮಡಚುವ ಏಣಿ ತಂದು ಅದರ ಮೇಲೆ ನಿಲ್ಲಬೇಕು, ಗಂಟಲಿಂದ ಕೂಗಬೇಕು. ಎದುರಿಗೆ ನಿಂತವನು ಮಧ್ಯದಲ್ಲೇ "ಸುಳ್ಳು ಹೇಳಬೇಡ" ಅಂತ ಕೂಗುತ್ತಾನೆ. ನೀನು ಉತ್ತರ ಕೊಡಲೇಬೇಕು. ಕೊಡದಿದ್ದರೆ ಜನ ಪಕ್ಕದ ಏಣಿಗೆ ಹೋಗುತ್ತಾರೆ.

ನಾನು ಹೋದ ಮೊದಲ ಭಾನುವಾರ ಒಬ್ಬ ಅಜ್ಜ ವಲಸಿಗರೆಲ್ಲ ವಾಪಸ್ ಹೋಗಬೇಕು ಅಂತ ಕೂಗುತ್ತಿದ್ದ. ನನ್ನ ಎದೆ ಡವಡವ. ಪಕ್ಕದಲ್ಲಿದ್ದ ಹೆಂಗಸು "ನಿನ್ನ ಮಂಡಿ ಆಪರೇಷನ್ ಮಾಡಿದ ಡಾಕ್ಟರ್ ಯಾವ ದೇಶದವನು?" ಅಂತ ಕೇಳಿದಳು. ಅಜ್ಜನಿಗೆ ಒಂದು ನಿಮಿಷ ಮಾತೇ ಬರಲಿಲ್ಲ. ಜನ ನಕ್ಕರು, ಕೊನೆಗೆ ಅವನೂ ನಕ್ಕ. ಕಾಕಾ, ಅವನ ಕೈಯಲ್ಲಿ ನಿಮ್ಮ ಇಪ್ಪತ್ನಾಲ್ಕು ಹಾರ್ನ್ ಇದ್ದಿದ್ದರೆ ಆ ಹೆಂಗಸಿನ ಪ್ರಶ್ನೆ ಯಾರಿಗೆ ಕೇಳಿಸುತ್ತಿತ್ತು?

ಚನ್ನಮ್ಮ_ಸರ್ಕಲ್_ಅಕ್ಕ

ಇದು ಮಾತು!

ಕೇಸರಿ_ಕಟ್ಟೆ

ಲಂಡನ್ ಅಷ್ಟು ಚೆನ್ನಾಗಿದ್ದರೆ 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಆಗಿದ್ದೇನು? ಲಕ್ಷಗಟ್ಟಲೆ ಜನ ಬೀದಿಗೆ ಬಂದಿದ್ದನ್ನು ಟಿವಿಯಲ್ಲಿ ನೋಡಿದೆ. ಅಲ್ಲಿಯ ಜನಕ್ಕೂ ಸಿಟ್ಟಿದೆ ಅಂತ ಆಯಿತಲ್ಲ. ಸಿಟ್ಟಿಗೆ ಕಾರಣ ಹುಡುಕದೆ ಸಿಟ್ಟಾದವರಿಗೆಲ್ಲ ಹಣೆಪಟ್ಟಿ ಹಚ್ಚಿದರೆ ಹೇಗೆ?

ಹಾವೇರಿ_ಟು_ಲಂಡನ್

ಹೌದು, ಸೆಪ್ಟೆಂಬರ್ 13, ಶನಿವಾರ. ಟಾಮಿ ರಾಬಿನ್ಸನ್ ಅಂತ ಇಲ್ಲಿಯ ಕಟ್ಟಾ ಬಲಪಂಥದ ನಾಯಕ ಕರೆದ ಮೆರವಣಿಗೆ. ಪೊಲೀಸರ ಅಂದಾಜು 1,10,000ದಿಂದ 1,50,000. ಎದುರು ಸಭೆಗೆ ಬಂದವರು ಸುಮಾರು 5,000. ಇಪ್ಪತ್ತಾರು ಪೊಲೀಸರಿಗೆ ಗಾಯವಾಯಿತು. ಎಲಾನ್ ಮಸ್ಕ್ ವಿಡಿಯೋದಲ್ಲಿ ಬಂದು ಮಾತಾಡಿದ. ನಾನು ಅವತ್ತು ಮನೆಯಿಂದ ಹೊರಗೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಹಾಲು ತರುವುದಿತ್ತು, ಅದನ್ನೂ ಬಿಟ್ಟೆ.

ನೀವು ಹೇಳಿದ್ದು ಒಪ್ಪುತ್ತೇನೆ. ಬಂದವರೆಲ್ಲ ಒಂದೇ ಥರ ಇರಲಿಲ್ಲ. ನನ್ನ ಆಫೀಸಿನ ಒಬ್ಬನೂ ಹೋಗಿದ್ದ. ಮನೆ ಬಾಡಿಗೆ, ಆಸ್ಪತ್ರೆಯ ಕ್ಯೂ, ಅವನ ಕಷ್ಟ ನಿಜ. ಸೋಮವಾರ ಎಂದಿನಂತೆ ನನಗೆ ಚಹಾ ತಂದು ಕೊಟ್ಟ. "ನಿನ್ನ ಬಗ್ಗೆ ಅಲ್ಲ ಬಿಡು" ಅಂದ. ಆದರೆ ವೇದಿಕೆಯ ಮೇಲಿನಿಂದ ಬಂದ ಮಾತು ನನ್ನಂಥವರ ಬಗ್ಗೆಯೇ ಇತ್ತಲ್ಲ. ಅವನಿಗೆ ಹಾಗೆ ಕೇಳಿಸಿರಲಿಲ್ಲ, ನನಗೆ ಹಾಗೆ ಕೇಳಿಸಿತು.

ಇನ್ನೊಂದು. ಅದೇ ರಾಬಿನ್ಸನ್ 2018ರ ಮಾರ್ಚ್‌ನಲ್ಲಿ ಸ್ಪೀಕರ್ಸ್ ಕಾರ್ನರ್‌ಗೆ ಬಂದಿದ್ದ. ಆಸ್ಟ್ರಿಯಾದ ಅಂಥದ್ದೇ ನಾಯಕ ಮಾರ್ಟಿನ್ ಸೆಲ್ನರ್‌ಗೆ ಬ್ರಿಟನ್ ಒಳಗೆ ಬಿಡಲಿಲ್ಲ ಅಂತ ಅವನ ಭಾಷಣವನ್ನು ಇವನು ಓದಿದ. ಗುಂಪು ಕಟ್ಟಿಕೊಂಡೇ ಬಂದಿದ್ದ. ಹಾಗಾಗಿ ಏಣಿಯೂ ಪವಿತ್ರ ಅಲ್ಲ ಬಿಡಿ.

ದಾಜಿಬಾನಪೇಟೆ_ಟೇಲರ್

ಸಲಾಂ ಎಲ್ಲರಿಗೂ. ಎರಡು ದಿನದಿಂದ ಓದುತ್ತಿದ್ದೆ, ಬರೆಯುವುದಾ ಬೇಡವಾ ಅಂತ.

ಕಾಕಾ, ಆ ಥರದ ಸಭೆ ಪಕ್ಕದ ಓಣಿಯಲ್ಲಿ ಆದಾಗ ಅಂಗಡಿಯಲ್ಲಿ ಕೂತವನಿಗೆ ಹೇಗಿರುತ್ತದೆ ಗೊತ್ತಾ? ಮಾತು ಪೂರ್ತಿ ಕೇಳಿಸುವುದಿಲ್ಲ. ನಿಮ್ಮ ಎಕೋ ಒಳಗೆ ಎಲ್ಲ ಕಲಸಿಹೋಗಿರುತ್ತದೆ. ನಮ್ಮ ಹೆಸರು ಬಂದಾಗ ಮಾತ್ರ ಥಟ್ಟನೆ ಕೇಳಿಸುತ್ತದೆ, ಅದರ ಹಿಂದೆ ಕೂಗು. ಬ್ಲೌಸ್ ಅಳತೆ ಕೊಡಲು ಬಂದ ಅಕ್ಕನೂ ಕೇಳಿಸಿಕೊಂಡಿರುತ್ತಾಳೆ, ನಾನೂ ಕೇಳಿಸಿಕೊಂಡಿರುತ್ತೇನೆ. ಇಬ್ಬರೂ ಲೈನಿಂಗ್ ಬಟ್ಟೆ ಬಗ್ಗೆ ಮಾತಾಡುತ್ತೇವೆ.

ಕೇಸರಿ ಕಟ್ಟೆ ಅಣ್ಣನ ಮಾತಿಗೂ ಉತ್ತರ ಕೊಡಬೇಕು. ನಮ್ಮ ಕಡೆಯೂ ಬೆಂಕಿ ಮಾತಿನವರಿದ್ದಾರೆ. ಒಮ್ಮೆ ಒಬ್ಬರು ಹಾಗೆ ಮಾತಾಡಿದಾಗ ನಮ್ಮ ಓಣಿಯ ಹಿರಿಯರು ನಡುವೆಯೇ ಎದ್ದು "ಬಸ್ ಕರೋ" ಅಂದರು. ಸಿಟ್ಟಿಗೆದ್ದವರೂ ಇದ್ದರು. ಆದರೆ ಮೈಕ್ ಆಫ್ ಆಯಿತು. ಯಾರು ಆಫ್ ಮಾಡಿದರು ಅಂತ ಇವತ್ತಿಗೂ ಗೊತ್ತಿಲ್ಲ.

ಮೈಕ್‌ಸೆಟ್_ಕಾಕಾ

ಟೇಲರ್ ಭಾಯ್... ಆ ಸಭೆ ನನಗೆ ನೆನಪಿದೆ. ಫ್ಯೂಸ್ ಹೋಯಿತು ಅಂತ ಹೇಳಿದ್ದೆ.

ದಾಜಿಬಾನಪೇಟೆ_ಟೇಲರ್

ಯಾ ಅಲ್ಲಾ. ನೀವಾ!

ಗಿರ್ಮಿಟ್_ಗ್ಯಾಂಗ್

ಕಾಕಾ ಹೀರೋ. ಹಾಗಾದರೆ ಹೋದ ತಿಂಗಳು ಫ್ಯೂಸ್ ಯಾಕೆ ಹೋಗಲಿಲ್ಲ?

ಮೈಕ್‌ಸೆಟ್_ಕಾಕಾ

ಅವತ್ತು ಎದುರಿಗೆ ಇನ್ನೂರು ಜನ, ಎಲ್ಲ ಪರಿಚಯದವರು. ಹೋದ ತಿಂಗಳು ಸಾವಿರಾರು, ಮುಂದಿನ ಸಾಲು ಯಾರೂ ಪರಿಚಯ ಇಲ್ಲ. ಹೆದರಿಕೆ ತಮ್ಮಾ. ಮತ್ತೇನಿಲ್ಲ.

ಕೇಸರಿ_ಕಟ್ಟೆ

ಒಂದು ಕಡೆ ಆಫ್, ಇನ್ನೊಂದು ಕಡೆ ಆನ್. ಇದರ ಮೇಲೆ ಜಗಳ ಮಾಡಬೇಕು ಅಂತಿದ್ದೆ, ಹೆದರಿಕೆ ಅಂತ ನೀವೇ ಒಪ್ಪಿಕೊಂಡಿರಿ. ಬಿಟ್ಟೆ.

ನವನಗರ_ನಟ್‌ಬೋಲ್ಟ್

ನಾನು ಕಂಪನಿ ಕೆಲಸಕ್ಕೆ ಎರಡು ವರ್ಷ ನ್ಯೂರೆಂಬರ್ಗ್‌ನಲ್ಲಿದ್ದೆ. ನಾಜಿಗಳ ದೊಡ್ಡ ಸಭೆಗಳಾದ ಊರು, 1933ರಿಂದ 1938ರವರೆಗೆ ವರ್ಷ ವರ್ಷ. ಜೆಪೆಲಿನ್ ಬಯಲು ಅಂತ ಇದೆ. ಕಲ್ಲಿನ ಮೆಟ್ಟಿಲು, ನಡುವೆ ಹಿಟ್ಲರ್ ನಿಲ್ಲುತ್ತಿದ್ದ ಕಟ್ಟೆ. ರಾತ್ರಿ ಸಭೆಗೆ ನೂರೈವತ್ತರ ಹತ್ತಿರ ಸರ್ಚ್‌ಲೈಟ್ ಆಕಾಶಕ್ಕೆ ನೇರ ಬಿಡುತ್ತಿದ್ದರಂತೆ. ಯುದ್ಧ ವಿಮಾನ ಹುಡುಕುವ ಲೈಟುಗಳು ಅವು. ಬಯಲಲ್ಲೇ ಬೆಳಕಿನ ಗುಡಿ ಕಟ್ಟಿದ ಹಾಗೆ. ಸುತ್ತ ಕತ್ತಲು, ಒಳಗೆ ಲಕ್ಷ ಜನ. ಕತ್ತಲಲ್ಲಿ ಪಕ್ಕದವನ ಮುಖ ಕಾಣುವುದಿಲ್ಲ, ವೇದಿಕೆ ಮಾತ್ರ ಕಾಣುತ್ತದೆ. ಸೆಟ್ ಹಾಕಿದವನು ಆಲ್ಬರ್ಟ್ ಶ್ಪೇರ್ ಅನ್ನುವ ಆರ್ಕಿಟೆಕ್ಟ್. ಅವನೂ ಒಂಥರಾ ಪೆಂಡಾಲ್‌ನವನೇ ಅಲ್ವಾ ಕಾಕಾ? ಆಮೇಲೆ ಇಪ್ಪತ್ತು ವರ್ಷ ಜೈಲು, ಸಭೆಗಳಿಗಲ್ಲ, ಯುದ್ಧದಲ್ಲಿ ಗುಲಾಮರಂತೆ ಜನರನ್ನು ದುಡಿಸಿದ್ದಕ್ಕೆ.

ಈಗ ಅಲ್ಲಿ ಹುಲ್ಲು ಬೆಳೆದಿದೆ. ಹುಡುಗರು ಆ ಗೋಡೆಗೆ ಟೆನಿಸ್ ಚೆಂಡು ಹೊಡೆಯುತ್ತಾರೆ. ಸುತ್ತಲಿನ ರಸ್ತೆಯಲ್ಲಿ ಕಾರ್ ರೇಸ್ ನಡೆಯುತ್ತದೆ.

ಆದರೆ ನಾನು ಹೇಳಬೇಕು ಅಂದಿದ್ದು ಬೇರೆ ಕಥೆ. ಅದೇ ಬವೇರಿಯಾ ರಾಜ್ಯದಲ್ಲಿ ವುನ್‌ಸೀಡೆಲ್ ಅಂತ ಸಣ್ಣ ಊರು. ಹಿಟ್ಲರನ ಬಲಗೈ ರುಡಾಲ್ಫ್ ಹೆಸ್ ಗೋರಿ ಅಲ್ಲಿತ್ತು. ನವನಾಜಿಗಳು ವರ್ಷ ವರ್ಷ ಮೆರವಣಿಗೆ ಬರುತ್ತಿದ್ದರು. 2011ರಲ್ಲಿ ಗೋರಿ ತೆಗೆದರೂ ಬರುವುದು ನಿಲ್ಲಲಿಲ್ಲ. ಊರವರಿಗೆ ಸಾಕಾಗಿ ಹೋಗಿತ್ತು. 2014ರಲ್ಲಿ ಒಂದು ಉಪಾಯ ಮಾಡಿದರು. ಅವರು ನಡೆಯುವ ಒಂದೊಂದು ಮೀಟರಿಗೂ ಹತ್ತು ಯೂರೋ ದೇಣಿಗೆ. ಯಾರಿಗೆ? ನಾಜಿ ಗುಂಪು ಬಿಟ್ಟು ಬರುವವರಿಗೆ ನೆರವಾಗುವ ಸಂಸ್ಥೆಗೆ! ರಸ್ತೆ ಮೇಲೆ ಗೆರೆ ಹಾಕಿ ಇಷ್ಟು ದುಡ್ಡಾಯಿತು ಅಂತ ಬರೆದರು. ದಾರಿಯಲ್ಲಿ ಬಾಳೆಹಣ್ಣು ಇಟ್ಟರು, ದಣಿದು ನಿಲ್ಲಬಾರದು ನೋಡಿ. ಕೊನೆಯಲ್ಲಿ ಧನ್ಯವಾದದ ಬ್ಯಾನರ್. ಒಟ್ಟು ಹತ್ತು ಸಾವಿರ ಯೂರೋ ಸೇರಿತು. ನಡೆದರೆ ದುಡ್ಡು ಅವರ ವಿರೋಧಿಗಳಿಗೆ, ನಡೆಯದಿದ್ದರೆ ಮೆರವಣಿಗೆಯೇ ಇಲ್ಲ.

ಬೆಟಗೇರಿ_ಮಗ್ಗ

ಬಾಳೆಹಣ್ಣಿನ ಐಡಿಯಾ ನಮ್ಮ ಗದಗಿಗೆ ಸರಿಹೊಂದುತ್ತದೆ. ಆದರೆ ನಮ್ಮಲ್ಲಿ ಇಟ್ಟ ಬಾಳೆಹಣ್ಣು ಮೆರವಣಿಗೆ ಬರುವವರೆಗೆ ಉಳಿಯುವುದಿಲ್ಲ 😀

ನಮ್ಮ ತೋಂಟದಾರ್ಯ ಮಠದ ಹಿಂದಿನ ಸ್ವಾಮಿಗಳು ಇದ್ದರಲ್ಲ, ಸಿದ್ಧಲಿಂಗ ಶ್ರೀಗಳು. ಕೋಮು ಸೌಹಾರ್ದಕ್ಕೆ ರಾಷ್ಟ್ರ ಪ್ರಶಸ್ತಿ ಬಂದವರು. ಗೋಕಾಕ್ ಚಳವಳಿಯಲ್ಲಿ ಬಯಲಲ್ಲಿ ನಿಂತು ಮಾತಾಡಿದವರೂ ಅವರೇ. ಬಯಲು ಭಾಷಣ ಅಂದರೆ ಬೈಯುವುದು ಅಂತ ಆಗಿದ್ದು ಯಾವಾಗ?

ಸಾಧನಕೇರಿ_ಮಾಸ್ತರ್

ಧಾರವಾಡದ ಬೀದಿಯ ನೆನಪೂ ಒಂದಿದೆ. 1921ರ ಜುಲೈ 1, ಜಕನಿ ಬಾವಿ ಹತ್ತಿರ. ಹೆಂಡದಂಗಡಿ ಮುಂದೆ ಪಿಕೆಟಿಂಗ್ ಮಾಡುತ್ತಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿ ಮೂವರು ಸತ್ತರು. ಖಿಲಾಫತ್ ಮತ್ತು ಕಾಂಗ್ರೆಸ್ ಜನ ಒಟ್ಟಿಗೆ ನಿಂತ ಕಾಲ. ಆ ಕಡೆ ಹೋದಾಗ ಒಮ್ಮೆ ನೋಡಿ ಬನ್ನಿ. ಅಲ್ಲಿ ನಿಂತವರ ಸಿಟ್ಟೂ ಕಡಿಮೆ ಇರಲಿಲ್ಲ, ಆದರೆ ಆಳುವವರ ಮೇಲೆ ಇತ್ತು, ಪಕ್ಕದ ಮನೆಯವನ ಮೇಲಲ್ಲ.

ಕೇಸರಿ_ಕಟ್ಟೆ

ಮಾಸ್ತರ್ರೇ, 1921 ನೆನಪಾಯಿತು, 1994 ನೆನಪಾಗಲಿಲ್ಲವಾ? ರಾಷ್ಟ್ರಧ್ವಜ ಹಾರಿಸುತ್ತೇವೆ ಅಂದಿದ್ದಕ್ಕೆ ನಮ್ಮ ಹುಬ್ಬಳ್ಳಿಯಲ್ಲೇ ಗುಂಡು ಹಾರಿತು.

ಚನ್ನಮ್ಮ_ಸರ್ಕಲ್_ಅಕ್ಕ

ಬಂತು ನೋಡಿ ಈದ್ಗಾ ಮೈದಾನದ ಜಗಳ. ಇದು ಬರದೆ ಹುಬ್ಬಳ್ಳಿಯವರ ಯಾವ ಚರ್ಚೆಯೂ ಮುಗಿಯುವುದಿಲ್ಲ.

ಲೈನ್‌ಬಜಾರ್_ಲಾಯರ್

ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ಈದ್ಗಾ ಮೈದಾನದಲ್ಲಿ ಧ್ವಜ ಹಾರಿಸುವ ವಿವಾದದಲ್ಲಿ 1994ರ ಆಗಸ್ಟ್ 15ರಂದು ಗುಂಡು ಹಾರಿತು, ಜೀವ ಹೋದವು. ಅದೇ ಪ್ರಕರಣದ ವಾರಂಟ್‌ನಿಂದ 2004ರಲ್ಲಿ ಉಮಾ ಭಾರತಿ ಮಧ್ಯಪ್ರದೇಶದ ಮುಖ್ಯಮಂತ್ರಿ ಸ್ಥಾನ ಬಿಟ್ಟು ಹುಬ್ಬಳ್ಳಿಗೆ ಬಂದರು. 2010ರಲ್ಲಿ ಸುಪ್ರೀಂ ಕೋರ್ಟ್ ಜಾಗ ಪಾಲಿಕೆಯದ್ದು, ವರ್ಷಕ್ಕೆ ಎರಡು ಸಲ ಪ್ರಾರ್ಥನೆಗೆ ಅವಕಾಶ ಅಂದಿತು. 2022ರ ಆಗಸ್ಟ್ 30ರ ರಾತ್ರಿ ಅಲ್ಲಿ ಗಣೇಶನನ್ನು ಕೂರಿಸಲೂ ಹೈಕೋರ್ಟ್ ದಾರಿ ಬಿಟ್ಟಿತು. ಇನ್ನು ಇಲ್ಲಿ ಯಾರೂ ಹೊಸ ತೀರ್ಪು ಕೊಡುವುದು ಬೇಡ.

ಮೈಕ್‌ಸೆಟ್_ಕಾಕಾ

1994ರಲ್ಲಿ ನಾನಿನ್ನೂ ಹುಡುಗ. ಕರ್ಫ್ಯೂ ಇತ್ತು. ಆಗಿನ ಯಾವ ಭಾಷಣವೂ ನೆನಪಿಲ್ಲ. ಅವ್ವ ಹಾಲಿಲ್ಲದ ಚಹಾ ಕೊಟ್ಟಿದ್ದು, ಪಕ್ಕದ ಮನೆಯ ಖಾಲಾ ಗೋಡೆ ಮೇಲಿಂದ ಬೆಲ್ಲ ದಾಟಿಸಿದ್ದು ನೆನಪಿದೆ. ಇಬ್ಬರೂ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು, ಯಾರಾದರೂ ಕೇಳಿಸಿಕೊಂಡಾರು ಅಂತ.

ಅಡ್ಮಿನ್_ವೈನಿ

ಈದ್ಗಾ ವಿಷಯ ಇಲ್ಲಿಗೆ ಸಾಕು. ಮುಂದುವರಿಸಿದರೆ ಪೋಸ್ಟ್ ತೆಗೆಯುತ್ತೇನೆ. ಎರಡು ಕಮೆಂಟ್ ಈಗಾಗಲೇ ತೆಗೆದಿದ್ದೇನೆ, ಒಂದೊಂದು ಕಡೆಯದು ಒಂದೊಂದು, ಆಮೇಲೆ ನನ್ನ ಮೇಲೆ ಬರಬೇಡಿ.

ಶಿಗ್ಗಾವಿ_ಶಿವ

ಯಾರಾದರೂ ಎದುರು ಸಭೆ ಮಾಡಿದರೆ ಮುಗೀತಲ್ಲ. ಅದೇ ದಿನ, ಅದೇ ಹೊತ್ತಿಗೆ.

ಸಾಧನಕೇರಿ_ಮಾಸ್ತರ್

ಶಿವಾ, ಅದನ್ನೂ ಲಂಡನ್ನಿನವರು ಮಾಡಿ ನೋಡಿದ್ದಾರೆ. 1936ರ ಅಕ್ಟೋಬರ್ 4, ಕೇಬಲ್ ಸ್ಟ್ರೀಟ್. ಓಸ್ವಾಲ್ಡ್ ಮೋಸ್ಲಿ ಅಂತ ಫ್ಯಾಸಿಸ್ಟ್ ನಾಯಕ, ಕಪ್ಪು ಅಂಗಿಯ ಪಡೆ ಕಟ್ಟಿಕೊಂಡು ಯಹೂದಿಗಳಿರುವ ಬಡ ಓಣಿಗಳಲ್ಲಿ ಮೆರವಣಿಗೆ ಹೊರಟ. ಸಾವಿರಾರು ಪೊಲೀಸರು ದಾರಿ ಮಾಡಿಕೊಡಲು ನಿಂತರು. ಓಣಿಯವರು, ಬಂದರಿನ ಕೂಲಿಗಳು, ಐರಿಷ್ ಜನ, ಕಮ್ಯುನಿಸ್ಟರು ಎಲ್ಲ ಸೇರಿ ರಸ್ತೆಗೆ ಅಡ್ಡ ಕಟ್ಟಿದರು. ಹೆಂಗಸರು ಮೇಲಿನ ಕಿಟಕಿಯಿಂದ ಕೊಳೆ ನೀರು ಸುರಿದರು. ಮೆರವಣಿಗೆ ವಾಪಸ್ ಹೋಯಿತು. ಮರುವರ್ಷದಿಂದ ರಾಜಕೀಯ ಸಮವಸ್ತ್ರ ಹಾಕುವುದನ್ನೇ ಕಾನೂನು ನಿಷೇಧಿಸಿತು.

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕಥೆ. ಆದರೆ 1937ರ ಮಾರ್ಚ್‌ನಲ್ಲಿ ಲಂಡನ್ ಕೌಂಟಿ ಚುನಾವಣೆಯಲ್ಲಿ ಬೆತ್ನಲ್ ಗ್ರೀನ್ ಅನ್ನುವ ಅದೇ ಭಾಗದ ಕ್ಷೇತ್ರದಲ್ಲಿ ಅವನ ಪಕ್ಷಕ್ಕೆ ನೂರಕ್ಕೆ 23ರಷ್ಟು ಮತ ಬಂತು. ಸೀಟು ಬರಲಿಲ್ಲ, ಅದು ಬೇರೆ. ಹಿಂದಕ್ಕೆ ಹೋದ ಮಾತ್ರಕ್ಕೆ ಮಾಯವಾಗುವುದಿಲ್ಲ.

ಯುದ್ಧ ಮುಗಿದ ಮೇಲೆ ಮತ್ತೆ ಅವನ ಜನ ಅದೇ ಲಂಡನ್ನಿನ ರಿಡ್ಲಿ ರೋಡ್ ಸಂತೆ ಜಾಗದಲ್ಲಿ ಬಯಲು ಭಾಷಣ ಶುರುಮಾಡಿದರು. ಸೈನ್ಯದಿಂದ ಬಂದ ಯಹೂದಿ ಹುಡುಗರು 1946ರಲ್ಲಿ 43 ಗ್ರೂಪ್ ಅಂತ ಕಟ್ಟಿದರು. ಅವರ ಒಂದು ಉಪಾಯ ನನಗೆ ಬಹಳ ಇಷ್ಟ. ಯಾರು ಮೊದಲು ಬಂದು ನಿಲ್ಲುತ್ತಾರೋ ಆ ಜಾಗ ಅವತ್ತಿಗೆ ಅವರದ್ದು ಅನ್ನುವ ರೂಢಿ ಇತ್ತು. ಇವರು ಮೊದಲೇ ಹೋಗಿ ನಿಂತುಬಿಡುತ್ತಿದ್ದರು. ನಮ್ಮ ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ! ವೇದಿಕೆ ಕೆಡವಿ ಹೊಡೆದಾಡಿದ್ದೂ ಉಂಟು, ಅದನ್ನು ನಾನು ಹೊಗಳುವುದಿಲ್ಲ.

ಶಿಗ್ಗಾವಿ_ಶಿವ

ಟವೆಲ್ ಹಾಕುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ ಮಾಸ್ತರ್ರೇ. ಹಳೇ ಬಸ್ ಸ್ಟ್ಯಾಂಡಿಗೆ ಬಂದು ನೋಡಲಿ ಲಂಡನ್ನಿನವರು.

ಕೇಸರಿ_ಕಟ್ಟೆ

ಕಾಕಾ, ಕೊನೆಗೆ ನನ್ನ ಮಾತು. ನೀವು ಕೊಡದಿದ್ದರೆ ಇನ್ನೊಬ್ಬ ಕೊಡುತ್ತಾನೆ. ಸಭೆ ಆಗೇ ಆಗುತ್ತದೆ. ನಾನೂ ಇಂಥ ಸಭೆಗೆ ಹೋಗುವವನೇ, ನಾಚಿಕೆ ಇಲ್ಲ. ಒಳ್ಳೆಯ ಮಾತೂ ಕೇಳಿದ್ದೇನೆ. ಆದರೆ ಅಂಗಡಿಗೆ ಹೋಗಬೇಡಿ ಅನ್ನುವ ಮಾತು ನನಗೂ ಹಿಡಿಸುವುದಿಲ್ಲ. ನನ್ನ ಪ್ಯಾಂಟು ಹೊಲಿಯುವವರು ಇದೇ ಚರ್ಚೆಯಲ್ಲಿದ್ದಾರೆ ಅಂತ ಈಗ ಅನುಮಾನ ಬರುತ್ತಿದೆ.

ದಾಜಿಬಾನಪೇಟೆ_ಟೇಲರ್

ಸೊಂಟ 38, ಎಡಗಾಲು ಅರ್ಧ ಇಂಚು ಉದ್ದ ಹೊಲಿಯಬೇಕಾದವರಾ? ದಸರಾದಿಂದ ಎರಡು ಪ್ಯಾಂಟು ಹಾಗೇ ಇವೆ, ತೆಗೆದುಕೊಂಡು ಹೋಗಿ ಅಣ್ಣಾ.

ಕೇಸರಿ_ಕಟ್ಟೆ

ಭಾಯ್, ಅಳತೆ ಎಲ್ಲರ ಮುಂದೆ ಹೇಳಬೇಕಿತ್ತಾ 🤦

ಚನ್ನಮ್ಮ_ಸರ್ಕಲ್_ಅಕ್ಕ

ಇಷ್ಟೆಲ್ಲ ಆಯಿತು, ಒಂದು ಮಾತು ಯಾರೂ ಎತ್ತಲಿಲ್ಲ. ಇಂಥ ಸಭೆ ಇದ್ದ ದಿನ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ಓಡಾಟ ನಿಲ್ಲುತ್ತದೆ. ನಾನು ಧಾರವಾಡದ ಕೆಲಸ ಮುಗಿಸಿ ಮನೆಗೆ ಬರುವಾಗ ಒಂಬತ್ತೂವರೆ. ಆ ಹೊತ್ತಿಗೆ ಸಭೆ ಮುಗಿಸಿ ಕೂಗುತ್ತಾ ಬರುವ ಹುಡುಗರ ಗುಂಪಿನ ನಡುವೆ ಒಬ್ಬಳೇ ಹೆಂಗಸು ನಡೆದು ಬರಬೇಕು. ಆ ಕಡೆ ಈ ಕಡೆ ಯಾವ ಕಡೆಯ ಸಭೆಯಾದರೂ ಅಷ್ಟೇ. ಭಾಷಣಕಾರ ಮಾತ್ರ ಬಿಸಿನೀರು ಕುಡಿದು ಕಾರಿನಲ್ಲಿ ಹೋಗಿರುತ್ತಾನೆ.

ಹಾವೇರಿ_ಟು_ಲಂಡನ್

ಕಾಕಾ, ಏನು ತೀರ್ಮಾನ ಮಾಡಿದಿರಿ?

ಮೈಕ್‌ಸೆಟ್_ಕಾಕಾ

ಮೂರು ದಿನ ತಡವಾಗಿ ಬರೆಯುತ್ತಿದ್ದೇನೆ, ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆ.

ಮೊದಲು ನನ್ನ ಹುಡುಗನನ್ನೇ ಕೇಳಿದೆ. ಏನಂದ ಗೊತ್ತಾ? "ಕಾಕಾ, ಕೊಡೋದು ಬಿಡೋದು ನಿಮ್ಮ ಇಷ್ಟ. ಹಾರ್ನ್ ಕಟ್ಟೋಕೆ ಮಾತ್ರ ಬೇರೆ ಯಾರನ್ನಾದರೂ ಕರೀರಿ." ಅಷ್ಟೇ ಅಂದು ಸೋಲ್ಡರ್ ಮಾಡುತ್ತಾ ಕೂತ.

ಅವರು ಬಂದಾಗ ಪರವಾನಗಿ ಪತ್ರದ ನಕಲು ಕೇಳಿದೆ. ಮಾತಾಡುವವರ ಹೆಸರು ಬಿಲ್ಲಿನ ಮೇಲೆ ಬರೆದು ಸಹಿ ಮಾಡಿ ಅಂದೆ. ಯಾರನ್ನಾದರೂ ಹೊಡೆಯಿರಿ, ಅಂಗಡಿ ಬಿಡಿ ಅಂದ ಕೂಡಲೇ ಮೈಕ್ ಬಂದ್ ಮಾಡುತ್ತೇನೆ, ದುಡ್ಡು ವಾಪಸ್ ಕೊಡುವುದಿಲ್ಲ ಅಂದೆ. ಯಾವ ಕಡೆಯವರು ಬಂದರೂ ಇನ್ನು ಇದೇ ಕರಾರು ಅಂತಲೂ ಹೇಳಿದೆ. ಅವರಲ್ಲಿ ಹಿರಿಯರೊಬ್ಬರು ತಲೆ ಆಡಿಸಿದರು, ನ್ಯಾಯ ಇದೆ ಅಂದರು. ಜೊತೆಗಿದ್ದ ಹುಡುಗ ಒಪ್ಪಲಿಲ್ಲ. ಅಡ್ವಾನ್ಸ್ ಎತ್ತಿಕೊಂಡು ಹೋದರು. ಸಂಜೆಗೆ ಇನ್ನೊಬ್ಬರ ಹತ್ತಿರ ಬುಕ್ ಆಗಿದೆ ಅಂತ ಸುದ್ದಿ ಬಂತು. ಕೇಸರಿ ಕಟ್ಟೆಯವರು ಹೇಳಿದ್ದೇ ಆಯಿತು.

ಜನರೇಟರ್ ಕಂತು ಈ ತಿಂಗಳು ಹೇಗೆ ಕಟ್ಟುವುದು ಅಂತ ಈಗ ಯೋಚನೆ.

ಗಿರ್ಮಿಟ್_ಗ್ಯಾಂಗ್

ಮೊದಲ ದಿನ ಧಂದೆ ಧಂದೆನೇ ಅಂದವನು ನಾನು. ಅದಕ್ಕೇ ಕೇಳುತ್ತೇನೆ, ಮುಂದಿನ ತಿಂಗಳು 14ಕ್ಕೆ ತಂಗಿಯ ಮದುವೆ, ಉಣಕಲ್ ಹತ್ತಿರ. ನಾಲ್ಕು ಬಾಕ್ಸ್, ಒಂದು ಜನರೇಟರ್, ಮುನ್ನೂರು ಕುರ್ಚಿ. ಎಷ್ಟಾಗುತ್ತದೆ ಕಾಕಾ?

ಮೈಕ್‌ಸೆಟ್_ಕಾಕಾ

ನಂಬರ್ ಮೆಸೇಜ್ ಮಾಡು, ಫೋನ್ ಮಾಡುತ್ತೇನೆ. ಆಶೀರ್ವಚನ ಯಾರದ್ದು? ಎಷ್ಟು ಹೊತ್ತು ಮಾತಾಡುತ್ತಾರೆ?

ಗಿರ್ಮಿಟ್_ಗ್ಯಾಂಗ್

ನಮ್ಮ ದೊಡ್ಡಪ್ಪ. ಮೈಕ್ ಸಿಕ್ಕರೆ ಬಿಡುವುದಿಲ್ಲ. ಹತ್ತು ನಿಮಿಷ ಆದ ಮೇಲೆ ಫ್ಯೂಸ್ ಹೋಗಲಿ.